ಚಾಪೆಯ ಮೇಲೆ ಬಿದ್ದ ಬಳೆ

ಪ್ರೀತಿಯ ಪುಟ್ಟಿಗೆ,

ಮೊನ್ನೆ ರಾತ್ರಿ ನೀನು ಮಜ್ಜಿಗೆ ಅನ್ನ ಅರ್ಧಕ್ಕೇ ಬಿಟ್ಟು ಎದ್ದುಹೋದೆ. ನಾನು ಏನು ಅಂದೆ ಅಂತ ಇಬ್ಬರಿಗೂ ನೆನಪಿದೆ, ಅದನ್ನು ಮತ್ತೆ ಬರೆಯುವುದಿಲ್ಲ. ನಿನ್ನನ್ನು ಕಾಸರಗೋಡಿನಲ್ಲಿ ರೈಲು ಹತ್ತಿಸಿ ಬಂದ ಅಪ್ಪ ಆ ದಿನವಿಡೀ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ನೀನು ಬೆಂಗಳೂರಿನಿಂದ ಲಡಾಖಿನ ಲೇಗೆ ಹೊರಡುವ ಮೊದಲು ಈ ಕಾಗದ ಸಿಗಬೇಕು. ಅದಕ್ಕೇ ಅಂಗಳದಲ್ಲಿ ಅಡಿಕೆ ಹರಡುವುದನ್ನು ಬಿಟ್ಟು ಬರೆಯಲು ಕೂತಿದ್ದೇನೆ.

2019ರ ಡಿಸೆಂಬರ್ 26ರ ವಿಷಯ ಹೇಳಬೇಕು.

ಆ ದಿನ ಕಂಕಣ ಗ್ರಹಣ. ಚೆರುವತ್ತೂರಿಗೆ ಎಲ್ಲೆಲ್ಲಿಂದಲೋ ಜನ ಬಂದಿದ್ದರು. ನಿನ್ನ ಪ್ಲಸ್ ಟು ಗೆಳತಿಯರೂ ಹೊರಟಿದ್ದರು. ನೀನು ಗ್ರಹಣದ ಕನ್ನಡಕ ತರಿಸಿ ಪುಸ್ತಕದ ನಡುವೆ ಇಟ್ಟಿದ್ದೆ. ನಾನು ಬಿಡಲಿಲ್ಲ. ಅಜ್ಜಿ ಬೇಡ ಅಂದರು ಅಂತ ಇಷ್ಟು ವರ್ಷ ಹೇಳುತ್ತಾ ಬಂದೆ. ಅಜ್ಜಿ ಏನೂ ಅಂದಿರಲಿಲ್ಲ ಮಗಳೇ. ಹೆದರಿದ್ದು ನಾನು. ನಿನ್ನ ಕಣ್ಣಿಗೆ ಏನಾದರೂ ಆದರೆ ಅಂತ ಹೆದರಿಕೆ, ಊರವರು ಏನಂದಾರು ಅಂತ ಇನ್ನೊಂದು ಹೆದರಿಕೆ. ಸತ್ತುಹೋದವರ ಮೇಲೆ ಹಾಕಿ ಸುಮ್ನೆ ಇದ್ದುಬಿಟ್ಟೆ.

ಒಳಕೋಣೆಯ ಕಿಟಕಿ ಹಾಕಿದೆ, ಬಾಗಿಲಿಗೆ ಚಿಲಕ ಹಾಕಿದೆ. ನೀನು ಗೋಡೆ ಕಡೆ ತಿರುಗಿ ಮಲಗಿದೆ. ಮಳೆಗಾಲದಲ್ಲಿ ಒಡೆದ ಹಂಚಿನ ತೂತಿನಿಂದ ಬೆಳಗ್ಗೆ ಬಿಸಿಲಿನ ಕೋಲು ಇಳಿಯುತ್ತಿತ್ತಲ್ವಾ, ಆ ದಿನವೂ ಇಳಿದಿತ್ತು. ಒಂಬತ್ತೂವರೆಗೆ ಇನ್ನು ಐದು ನಿಮಿಷ ಇದ್ದಿರಬೇಕು. ನೆಲದ ಮೇಲಿನ ಬೆಳಕಿನ ಬೊಟ್ಟು ಕುಡುಗೋಲಿನ ಹಾಗೆ ಬಾಗುತ್ತಾ ಬಂತು. ನೋಡುತ್ತಿದ್ದ ಹಾಗೇ ಅದರ ಎರಡು ತುದಿ ಕೂಡಿಕೊಂಡವು. ಒಂದು ಬಳೆ. ನಿನಗೆ ತೊಟ್ಟಿಲಲ್ಲಿ ಹಾಕಿದ್ದ ಬಳೆಯಷ್ಟೇ ದೊಡ್ಡದು.

ನೀನು ತಿರುಗಿ ನೋಡಿ "ಅಮ್ಮಾ, ಬಳೆ!" ಅಂದೆ. ನಾನು ಚಾಪೆ ಎಳೆದು ಅದನ್ನು ಮುಚ್ಚಿದೆ. ಬಳೆ ಚಾಪೆಯ ಮೇಲೆ ಬಂದು ಕೂತಿತು. ನೀನು ಮತ್ತೆ ಗೋಡೆ ಕಡೆ ತಿರುಗಿದೆ, ಅಳುತ್ತಿದ್ದೆ. ಆಗ ನಾನು ಕೈ ಚಾಚಿದೆ. ಬಳೆ ನನ್ನ ಅಂಗೈಯಲ್ಲಿ ಬಿತ್ತು. ಎರಡು ನಿಮಿಷವೋ ಮೂರೋ, ಅದು ಒಂದು ಕಡೆ ಬಿಡುವವರೆಗೂ ಕೈ ಹಿಂದಕ್ಕೆ ತೆಗೆಯಲಿಲ್ಲ.

"ನೀನೂ ನೋಡಿದ್ಯಾ ಅಮ್ಮ?" ಅಂತ ನೀನು ಎಷ್ಟು ಸಲ ಕೇಳಿದ್ದೆ. ಇಲ್ಲ ಅಂದೆ. ನೋಡಿದ್ದೆ. ಅಷ್ಟು ಚೆಂದದ್ದು ಇನ್ನೊಂದನ್ನು ನಾನು ನೋಡಿಲ್ಲ. ನಿನ್ನನ್ನು ಎಬ್ಬಿಸಿ ತೋರಿಸಲಿಲ್ಲ ಅನ್ನುವುದು ಇವತ್ತಿಗೂ ಚುಚ್ಚುತ್ತದೆ. ತಪ್ಪಾಯಿತು.

ಚಂದ್ರ ಆ ದಿನ ಸೂರ್ಯನಿಗಿಂತ ಸ್ವಲ್ಪ ಸಣ್ಣಗೆ ಕಂಡ, ಸೂರ್ಯನನ್ನು ಪೂರ್ತಿ ಮುಚ್ಚಲು ಆಗಲಿಲ್ಲ, ಅದಕ್ಕೇ ಬಳೆ ಅಂತ ಆಮೇಲೆ ನೀನೇ ಹೇಳಿಕೊಟ್ಟೆ. ಅದೇ ವಾರ ಬೋರಿಸೊವ್ ಧೂಮಕೇತು ನಮ್ಮ ಹತ್ತಿರಕ್ಕೆ ಬಂದಿತ್ತು ಅಂತಲೂ ಹೇಳಿದ್ದೆ. ಡಿಸೆಂಬರ್ 28ಕ್ಕೆ, ಅಂದರೆ ನಾನು ಚಿಲಕ ಹಾಕಿದ ಎರಡು ದಿನಕ್ಕೆ. ಬೇರೆ ಯಾವುದೋ ನಕ್ಷತ್ರದ ಕಡೆಯಿಂದ ಬಂದದ್ದು. ಅದನ್ನು ಕಂಡುಹಿಡಿದ ಗೆನ್ನಾಡಿ ಬೋರಿಸೊವ್ ತಾನೇ ಮಾಡಿದ 65 ಸೆಂಟಿಮೀಟರ್ ದುರ್ಬೀನಿನಲ್ಲಿ ಕ್ರಿಮಿಯಾದಿಂದ ಆಕಾಶ ನೋಡುತ್ತಿದ್ದ ಹವ್ಯಾಸಿ. ಯಾರೂ ಅವನಿಗೆ ಬಾಗಿಲು ಹಾಕಲಿಲ್ಲ ಅಂತ ಕಾಣುತ್ತದೆ.

2025ರ ಜುಲೈ ಒಂದಕ್ಕೆ ಅಂಥದ್ದೇ ಮೂರನೆಯದು ಸಿಕ್ಕಿತಲ್ಲ, ಚಿಲಿಯ ಅಟ್ಲಾಸ್ ದುರ್ಬೀನಿಗೆ. ನೀನು ಕುಣಿಯುತ್ತಾ ಫೋನ್ ಮಾಡಿದ್ದೆ. ಇಲ್ಲಿ ಆರಿದ್ರಾ ಮಳೆ. ಮದ್ದು ಬಿಡುವವರು ಬಂದಿಲ್ಲ, ಕೊಳೆರೋಗ ಬಂದರೆ ತೋಟ ಹೋಯಿತು ಅಂತ ನಾನು ನನ್ನದೇ ಹೇಳಿದೆ. ನೀನು "ಸರಿ ಅಮ್ಮ" ಅಂತ ಇಟ್ಟುಬಿಟ್ಟೆ. ನನಗೆ ಆರಿದ್ರಾ ಅಂದರೆ ಮಳೆ. ಅದೊಂದು ಕೆಂಪು ನಕ್ಷತ್ರ ಅಂತ ಬೆರಳು ಹಿಡಿದು ತೋರಿಸಿದವಳು ನೀನು. ನಿನ್ನೆ ರಾತ್ರಿ ಅಂಗಳಕ್ಕೆ ಇಳಿದು ಹುಡುಕಿದೆ. ತೋಟದ ಮೇಲೆ, ಪೂರ್ವದಲ್ಲಿ. ಸಿಕ್ಕಿತು.

ಇನ್ನು ಹಾನ್ಲೆಯದು, ಲೇಯಿಂದ ಮುಂದೆ ನೀನು ಹೋಗುವ ದುರ್ಬೀನು ಇರುವ ಊರಿನದು. 4500 ಮೀಟರ್ ಎತ್ತರ. ಲೇಗೆ ಇಳಿದ ಕೂಡಲೇ ಓಡಾಡಬೇಡ, ಎರಡು ಮೂರು ದಿನ ಮಲಗಿಕೋ, ನೀರು ಜಾಸ್ತಿ ಕುಡಿ. ತಲೆನೋವು ಬಂದರೆ ಮುಚ್ಚಿಡಬೇಡ, ನಿನಗೆ ಆ ಅಭ್ಯಾಸ ಉಂಟು. ರಾತ್ರಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಹೋಗುತ್ತದಂತೆ, ತಲೆಗೆ ಸ್ನಾನ ಮಾಡಿ ಹೊರಗೆ ಹೋಗಬೇಡ. ಆ ದುರ್ಬೀನನ್ನು ಹೊಸಕೋಟೆಯಲ್ಲೇ ಕೂತು ನಡೆಸಬಹುದು ಅಂತ ನೀನೇ ಹೇಳಿದ್ದಲ್ವಾ, ಮತ್ತೆ ನೀನೇ ಯಾಕೆ ಹತ್ತಬೇಕು? ಉಪಕರಣ ಕೈಯಿಂದ ಜೋಡಿಸಬೇಕು ಅಂದೆ. ಬೇರೆ ಯಾರೂ ಇಲ್ಲವಾ ಅಂತ ಬಾಯಿಗೆ ಬಂತು, ನುಂಗಿದೆ. ಇಲ್ಲಿ ಬರೆದುಬಿಟ್ಟೆ ನೋಡು. ಹೋಗು. ನಮ್ಮ ಒಳಕೋಣೆಯಿಂದ ಹೊರಟವಳು ಅಷ್ಟು ಎತ್ತರಕ್ಕೆ ಹೋಗುತ್ತಾಳೆ ಅಂತ ನಿನ್ನೆ ಹಾಲಿನ ಸೊಸೈಟಿಯಲ್ಲಿ ನಾನಾಗಿಯೇ ನಾಲ್ಕು ಜನರಿಗೆ ಹೇಳಿದೆ.

ಮಾವಿನ ಮಿಡಿಯ ಡಬ್ಬಿ ನಿನ್ನ ಬ್ಯಾಗಿನ ತಳದಲ್ಲಿ ಇದೆ. ವಿಮಾನದಲ್ಲಿ ಬಿಡುತ್ತಾರಾ ಕೇಳಿಕೋ.

ನಿನ್ನ ಹಳೆಯ ಕ್ಯಾಲೆಂಡರಿನ ಹಿಂದೆ 2031ರ ಮೇ 21 ಅಂತ ಬರೆದು ಕೆಳಗೆ ಗೆರೆ ಎಳೆದಿದ್ದೀಯ. ದಕ್ಷಿಣ ಕೇರಳದಲ್ಲಿ ಕಂಕಣ ಗ್ರಹಣ. ನಮ್ಮೂರಲ್ಲಿ ಬಳೆ ಕಾಣುವುದಿಲ್ಲ, ರೈಲು ಹತ್ತಬೇಕು. ಕನ್ನಡಕ ಎರಡು ತರಿಸು.

ನಿನ್ನ ಅಮ್ಮ