ಸೇತುವೆಯಡಿಯ ಬಾವಲಿ, ಸುರಂಗದ ಬಾವಲಿ

"ಮಾವ, ನಿಮ್ಮ ಆಸ್ಟಿನ್‌ನಲ್ಲಿ ಸೇತುವೆಯಡಿ 15 ಲಕ್ಷ ಬಾವಲಿ ಉಂಟಂತೆ, ಹೌದಾ? ನೀವು ನೋಡಿದ್ದೀರಾ?"

ಹೋದ ತಿಂಗಳು ಕಾಸರಗೋಡಿನ ಪೆರ್ಲದ ಹತ್ತಿರದ ನಮ್ಮೂರಿನಿಂದ ಇಲ್ಲಿ ಟೆಕ್ಸಸ್‌ಗೆ ಬಂದ ವಾಟ್ಸಾಪ್ ಇದು. ಕೇಳಿದವಳು ನೆರೆಮನೆಯ ಹುಡುಗಿ, ಬಿಎಸ್ಸಿ ಪ್ರಾಣಿಶಾಸ್ತ್ರದ ಕೊನೆಯ ವರ್ಷ. ಬಾವಲಿಗಳ ಬಗ್ಗೆ ಓದಲು ಅಮೆರಿಕಕ್ಕೆ ಬರಬೇಕೆಂದು ಅವಳ ಆಸೆ.

ನೋಡದೆ ಏನು? ಊರಿಂದ ಅಪ್ಪ ಅಮ್ಮ ಬಂದರೆ ನಾವು ಮೊದಲು ಕರೆದೊಯ್ಯುವುದೇ ಕಾಂಗ್ರೆಸ್ ಅವೆನ್ಯೂ ಸೇತುವೆಗೆ. ಹೊತ್ತು ಕಂತುವಾಗ ಹೊಗೆ ಎದ್ದ ಹಾಗೆ ಬಾವಲಿ ಏಳುತ್ತವೆ. ಫೋಟೋ ತೆಗೆದು ದೋಸೆ ತಿನ್ನಲು ಹೊರಡುತ್ತೇವೆ. 1980ರಲ್ಲಿ ಸೇತುವೆಯನ್ನು ಹೊಸದಾಗಿ ಕಟ್ಟಿದಾಗ ಅಡಿಯಲ್ಲಿ ಉಳಿದ ಸಂದುಗಳೇ ಅವುಗಳ ಮನೆಯಾದದ್ದು, ಊರವರು ಹೆದರಿ ಓಡಿಸಲು ಹೊರಟದ್ದು, ಮರ್ಲಿನ್ ಟಟಲ್ ಎಂಬ ವಿಜ್ಞಾನಿ ಅವರ ಮನಸ್ಸು ತಿರುಗಿಸಿದ್ದು, ಇದೆಲ್ಲ ನನಗೆ ಗೊತ್ತಾದದ್ದು ಪೆರ್ಲದವಳಿಂದ!

ಅವಳ ಬಾವಲಿಗಳಿರುವುದು ಸುರಂಗದಲ್ಲಿ. ಕಾಸರಗೋಡಿನ ಕಡೆಯವರಲ್ಲದ ಓದುಗರೇ, ನಮ್ಮಲ್ಲಿ ಸುರಂಗ ಎಂದರೆ ರೈಲಿನದ್ದಲ್ಲ. ಮುರಕಲ್ಲಿನ ಗುಡ್ಡಕ್ಕೆ ಒಬ್ಬ ನುಸುಳುವಷ್ಟು ಅಗಲಕ್ಕೆ ಅಡ್ಡಲಾಗಿ ಕೊರೆದ ನೀರಿನ ದಾರಿ. ಪಂಪು ಬೇಡ, ಕರೆಂಟು ಬೇಡ, ಒಸರಿದ ನೀರು ತಾನಾಗಿ ಹರಿದು ತೋಟಕ್ಕೆ ಬರುತ್ತದೆ. ಬೋರ್‌ವೆಲ್ ಬಂದ ಮೇಲೆ ಬತ್ತಿದವು ಎಷ್ಟೋ. ಅಂಥದ್ದೊಂದು ಇವರ ಅಡಿಕೆ ತೋಟದ ಮೇಲ್ಬದಿಯಲ್ಲಿ ಉಂಟು. ಎರಡು ವರ್ಷದಿಂದ ಅವಳು ಮುಸ್ಸಂಜೆ ಅದರ ಎದುರು ಕೂತು (ಒಳಗೆ ಹೋಗುವುದಿಲ್ಲ), ಹೊರಬೀಳುವ ಬಾವಲಿ ಎಣಿಸುತ್ತಾಳೆ. ಬರೆಯುವುದು ಡೈರಿಗೆ ಹಾಲು ಹಾಕುವ ಲೆಕ್ಕದ ಪುಸ್ತಕದಲ್ಲಿ. ಒಂದು ಪುಟದ ಫೋಟೋ ಕಳಿಸಿದ್ದಳು: ಎಡಕ್ಕೆ ಹಾಲು, ಬಲಕ್ಕೆ ಬಾವಲಿ, ಜೋರು ಮಳೆಯ ದಿನ ಅಡ್ಡಗೆರೆ.

ಅಜ್ಜಿಗೆ ಇದು ಇಷ್ಟವಿಲ್ಲ. 2018ರಲ್ಲಿ ಕಲ್ಲಿಕೋಟೆಯ ಕಡೆ ಬಾವಲಿಯಿಂದ ಹರಡುವ ನಿಪಾ ಜ್ವರ ಬಂದ ಮೇಲೆ, ಬಾವಲಿ ಚೀಪಿ ಬೀಳಿಸಿದ ಅಡಿಕೆ ಹೆಕ್ಕಲೂ ಅವರು ಬಿಡುವುದಿಲ್ಲ. ಅಜ್ಜನದ್ದು ಬೇರೆ ತಕರಾರು: "ಬಾವಲಿ ಲೆಕ್ಕ ಮಾಡ್ಲಿಕ್ಕೆ ಅಮೆರಿಕ ಯಾಕೆ? ಇಲ್ಲೇ ಉಂಟಲ್ಲ!"

ಪ್ರಶ್ನೆ ಸರಿಯಾದದ್ದೇ. ಅವಳ ಉತ್ತರ: ಹುಳ ತಿನ್ನುವ ಬಾವಲಿಗಳ ಕೂಗು ಹೆಚ್ಚಿನದೆಲ್ಲ ನಮ್ಮ ಕಿವಿಗೆ ನಿಲುಕದಷ್ಟು ಕೀರಲು ಸ್ವರ. ಯಂತ್ರದಲ್ಲಿ ಹಿಡಿದು, ಕೂಗಿನ ಮೇಲೆ ಜಾತಿ ಗುರುತಿಸುವ ವಿದ್ಯೆಯನ್ನು ಪಳಗಿದವರ ಕೈಕೆಳಗೆ ಕಲಿಯಬೇಕು. 2006ರಲ್ಲಿ ನ್ಯೂಯಾರ್ಕ್ ರಾಜ್ಯದ ಗುಹೆಯೊಂದರಲ್ಲಿ ಕಾಣಿಸಿಕೊಂಡ ಬಿಳಿಮೂಗಿನ ಶಿಲೀಂಧ್ರ ರೋಗ ಲಕ್ಷಗಟ್ಟಲೆ ಬಾವಲಿ ಕೊಂದ ಮೇಲೆ ಇಲ್ಲಿ ಆ ಕೆಲಸ ಇನ್ನೂ ಬಿರುಸಾಗಿದೆ.

ನಾನು ಕೇಳಿದ್ದೇನು? ನಾವೆಲ್ಲ ಕೇಳುವುದನ್ನೇ: ಕೆಲಸ ಸಿಗ್ತದಾ? ಇಲ್ಲಿನ ಕೇಂದ್ರ ಸರಕಾರದ ವನ್ಯಜೀವಿ ಹುದ್ದೆಗಳಿಗೆ ಸಾಮಾನ್ಯವಾಗಿ ಪೌರತ್ವ ಬೇಕು ಎಂದು ಹೆದರಿಸಿದೆ ಕೂಡ. "ನಾನು ಅಲ್ಲಿ ಕೂರ್ಲಿಕ್ಕೆ ಬರುವುದಲ್ಲ ಮಾವ" ಎಂದಳು. ಪುತ್ತೂರಿನ ಉಲ್ಲಾಸ ಕಾರಂತರು ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ಓದಿಯೂ ಫ್ಲೋರಿಡಾಕ್ಕೆ ಹೋಗಿ ವನ್ಯಜೀವಿಶಾಸ್ತ್ರ ಕಲಿತು, ನಾಗರಹೊಳೆಯ ಹುಲಿಗಳ ಬೆನ್ನು ಹತ್ತಲಿಲ್ಲವೇ? ಪೆರ್ಲಕ್ಕೆ ಪುತ್ತೂರೇನು ದೂರ?

ಕಂಪ್ಯೂಟರ್ ಸೈನ್ಸ್ ಎಂದರೆ ನಮ್ಮ ಸಂಘದಲ್ಲಿ ಮನೆಗೊಬ್ಬರು ಸಲಹೆಗಾರರು. ಈ ದಾರಿಯೇ ಬೇರೆ. ಸಂಶೋಧನೆಯ ಎಂ.ಎಸ್.ಗೆ ಅರ್ಜಿಗಿಂತ ಮೊದಲು ಪ್ರೊಫೆಸರರಿಗೆ ಪತ್ರ ಬರೆಯಬೇಕು. ಅವರ ಯೋಜನೆಯಲ್ಲಿ ಹಣವಿದ್ದು ಸಹಾಯಕಿಯಾಗಿ ತೆಗೆದುಕೊಂಡರೆ ಸಾಮಾನ್ಯವಾಗಿ ಫೀಸೂ ಕಳೆಯುತ್ತದೆ, ತಿಂಗಳ ಖರ್ಚೂ ಸಿಗುತ್ತದೆ. ಜೀವಶಾಸ್ತ್ರ ವಿಭಾಗಗಳಲ್ಲಿ ಪರಿಚಯವಿರುವ ಸದಸ್ಯರು ದಯವಿಟ್ಟು ನನಗೆ ಫೋನ್ ಮಾಡಿ.

ಅವಳ ಪತ್ರದ ಕರಡು ತಿದ್ದಲು ಬಂದಿತ್ತು. ಅಂಕಗಳಿದ್ದವು, "ಬಾಲ್ಯದಿಂದಲೂ ಪ್ರಾಣಿಗಳ ಮೇಲೆ ಪ್ರೀತಿ" ಇತ್ತು. ಸುರಂಗವೇ ಇಲ್ಲ!

"ಅದು ನಮ್ಮ ಹಳ್ಳಿ ವಿಷಯ ಅಲ್ವಾ ಮಾವ, ಅವರಿಗೆ ಎಂತ ಗೊತ್ತಾಗ್ತದೆ?"

ಈಗ ಪತ್ರ ಶುರುವಾಗುವುದೇ ಸುರಂಗದಿಂದ. ಜೊತೆಗೆ ಆ ಪುಟದ ಫೋಟೋ ಹೋಗುತ್ತದೆ. ಹಾಲಿನ ಕಡೆಯನ್ನು ಕತ್ತರಿಸಬೇಡ ಎಂದು ಹೇಳಿದ್ದೇನೆ.