ಮೇವು ಹೋದದ್ದಕ್ಕೂ ಪರಿಹಾರ ಬೇಕು

ಮಾನ್ಯ ಸಂಪಾದಕರೇ,

ನೆರೆಯಲ್ಲಿ ಆಕಳು ಸತ್ತರೆ ಪರಿಹಾರವಿದೆ. 2022ರಿಂದ 2026ರವರೆಗಿನ ವಿಪತ್ತು ಪರಿಹಾರ ನಿಯಮದಲ್ಲಿ ಹಾಲು ಕೊಡುವ ಆಕಳು, ಎಮ್ಮೆಗೆ 37,500 ರೂಪಾಯಿ ಎಂದಿದೆ. ಅದೇ ಆಕಳು ಬದುಕಿ ಉಳಿದು, ಅದರ ಮೇವು ಪೂರ್ತಿ ಹಾಳಾದರೆ? ಸಾಕಿದವರ ಕೈಗೆ ನೇರವಾಗಿ ದುಡ್ಡು ಕೊಡುವ ದಾರಿ ಆ ನಿಯಮದಲ್ಲಿ ಇಲ್ಲ.

ನಮ್ಮ ಉತ್ತರ ಕನ್ನಡದ ಗಂಗಾವಳಿ ನದಿ ದಂಡೆಯವರಿಗೆ ಇದರ ಬಿಸಿ ಗೊತ್ತು. 2019ರಲ್ಲಿ ನದಿ ಉಕ್ಕಿತು, 2021ರಲ್ಲಿ ಮತ್ತೆ ಉಕ್ಕಿತು. ಕೂಡಿಟ್ಟ ಹುಲ್ಲು ನೆನೆದು ಕೊಳೆಯಿತು. ನೀರಿಳಿದ ಮೇಲೆ ನೋಡಿದರೆ ಹೊಳೆ ಬದಿಯ ಹಸಿ ಹುಲ್ಲಿನ ಮೇಲೆಲ್ಲ ರಾಡಿ. ಅಂಥ ಹುಲ್ಲನ್ನು ದನ ಮೂಸಿ ಬಿಡುತ್ತದೆ. ಹಸಿವು ತಾಳದೆ ತಿಂದರೆ ಹೊಟ್ಟೆ ಕೆಡುತ್ತದೆ. ಆಗ ಘಟ್ಟದ ಆಚೆಯಿಂದ ಲಾರಿ ಬಾಡಿಗೆ ಕೊಟ್ಟು ಹುಲ್ಲು ತರಿಸಬೇಕು. ಹಾಲು ಇಳಿದಿರುತ್ತದೆ, ಡೇರಿ ಬಿಲ್ಲು ಕಮ್ಮಿ, ಹಿಂಡಿ ಸಾಲ ಜಾಸ್ತಿ. ಕಡೆಗೆ ಆಕಳನ್ನೇ ಮಾರುತ್ತಾರೆ. ಹೀಗೆ ಖಾಲಿಯಾದ ಕೊಟ್ಟಿಗೆಗೆ ಮತ್ತೆ ದನ ತರುವವರು ತೀರಾ ಕಮ್ಮಿ.

ಅದೇ ನಿಯಮದಲ್ಲಿ, ಬರಗಾಲದಲ್ಲಿ ಜಾನುವಾರು ಶಿಬಿರ ತೆರೆದರೆ ದೊಡ್ಡ ದನಕ್ಕೆ ದಿನಕ್ಕೆ 80 ರೂಪಾಯಿ ಕೊಡಲು ಅವಕಾಶವಿದೆ. ಬಯಲುಸೀಮೆಗೆ ಅದು ಸರಿ. ನಮ್ಮಲ್ಲಿ ಗುಡ್ಡಕ್ಕೊಂದು ಮನೆ, ಮನೆಗೆ ಎರಡೋ ಮೂರೋ ಆಕಳು. ರಸ್ತೆ ಕುಸಿದ ಮಳೆಗಾಲದಲ್ಲಿ ಅವನ್ನು ಹೊಡೆದುಕೊಂಡು ಯಾವ ಶಿಬಿರಕ್ಕೆ ಹೋಗುವುದು? ಆ 80 ರೂಪಾಯಿಯನ್ನೇ ಕೊಟ್ಟಿಗೆಗೆ ಮುಟ್ಟಿಸಬಹುದಲ್ವಾ?

ಶಿರಸಿ, ಸಿದ್ದಾಪುರದ ಕಡೆ ಇನ್ನೊಂದು ತೊಡಕಿದೆ. ಅಲ್ಲಿ ದನ ಮೇಯುವುದು ಬೇಣದಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ, ಮತ್ತು ತೋಟಕ್ಕೆ ಸೊಪ್ಪು ತರುವ ಕಾಡಾದ ಸೊಪ್ಪಿನ ಬೆಟ್ಟದಲ್ಲಿ. ಮಲೆನಾಡು ಗಿಡ್ಡ ಎಂಬ ನಮ್ಮ ಸಣ್ಣ ದೇಸಿ ತಳಿಯ ದನ ಬದುಕಿರುವುದೇ ಆ ಮೇವಿನ ಮೇಲೆ. ಆದರೆ ಬೆಟ್ಟದ ಸೊಪ್ಪು, ಹುಲ್ಲಿನ ಹಕ್ಕಷ್ಟೇ ರೈತರದ್ದು, ಜಾಗ ಅವರದ್ದಲ್ಲ. ತಾನಾಗಿ ಬೆಳೆದ ಹುಲ್ಲು ಪಹಣಿಯ ಬೆಳೆ ಕಾಲಂನಲ್ಲಿ ಬರುವುದೂ ಇಲ್ಲ. ಹಾಗಾಗಿ ಬೆಳೆಹಾನಿ ಸಮೀಕ್ಷೆಯವರು ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಅಮೆರಿಕದಲ್ಲಿ ಮೇವು ನಷ್ಟಕ್ಕೆಂದೇ ಒಂದು ಯೋಜನೆಯಿದೆ. 2014ರ ಕೃಷಿ ಕಾಯ್ದೆ ಅದನ್ನು ಕಾಯಂ ಮಾಡಿತು. ವಾರ ವಾರ ಹೊರಬರುವ ಬರದ ನಕ್ಷೆಯಲ್ಲಿ ತಮ್ಮ ಪ್ರದೇಶ ನಿಗದಿತ ಮಟ್ಟ ಮುಟ್ಟಿದರೆ ತಿಂಗಳ ಮೇವಿನ ಖರ್ಚಿನ ಶೇ 60ರ ಲೆಕ್ಕದಲ್ಲಿ ಹಣ ಸಿಗುತ್ತದೆ. ಗುತ್ತಿಗೆ ಜಮೀನಿನಲ್ಲಿ ಮೇಯಿಸುವವರಿಗೂ ಸಿಗುತ್ತದೆ. ಸರ್ಕಾರಿ ಜಾಗದಲ್ಲಿ ಮೇಯಿಸಲು ಪರವಾನಗಿ ಇದ್ದವರಿಗೆ, ಬೆಂಕಿ ಬಿದ್ದು ಅಲ್ಲಿ ಮೇಯಿಸದಂತೆ ತಡೆದರೆ ಅದಕ್ಕೂ ಇದೆ. ನಮ್ಮ ಬೆಟ್ಟದ ರೈತರು ಗಮನಿಸಬೇಕಾದ್ದು ಇದನ್ನೇ. ಆ ಯೋಜನೆ ನೆರೆಗೆ ಅನ್ವಯಿಸುವುದಿಲ್ಲ, ನಿಜ. ಆದರೂ ದನ ಸಾಯುವ ಮೊದಲೇ ಸಾಕಿದವನ ಕೈ ಹಿಡಿಯುತ್ತದೆ.

ನಮ್ಮಲ್ಲೂ ಇದು ಆಗದ ಕೆಲಸವಲ್ಲ. ದನದ ಗುರುತಿಗೆ ಹಾಕುವ ಕಿವಿಯೋಲೆಯಲ್ಲಿ (ಇಯರ್ ಟ್ಯಾಗ್) 12 ಅಂಕಿಯ ನಂಬರ್ ಇದೆ. ಡೇರಿಗೆ ಹಾಲು ಹಾಕುವವರ ಖಾತೆಗೆ ಸರ್ಕಾರದ ಪ್ರೋತ್ಸಾಹಧನ ಈಗಾಗಲೇ ಜಮೆಯಾಗುತ್ತದೆ. ಡೇರಿಗೆ ಹಾಲು ಹಾಕದ ಗಿಡ್ಡ ಸಾಕಿದವರನ್ನು ಕಿವಿಯೋಲೆ ನೋಡಿಯೇ ಸೇರಿಸಬಹುದು. ಪಹಣಿ ಕೇಳಿ ಸುಮ್ನೆ ಅಲೆದಾಡಿಸುವುದು ಬೇಡ.

ಜಿಲ್ಲಾಡಳಿತ ಮತ್ತು ನಮ್ಮ ಶಾಸಕರು ಮಳೆಗಾಲಕ್ಕೆ ಮುಂಚೆಯೇ ಈ ಬಗ್ಗೆ ಪ್ರಸ್ತಾವ ಕಳಿಸಲಿ. ನೀರಿಳಿದ ಎರಡು ವಾರದೊಳಗೆ ಮೇವಿನ ದುಡ್ಡು ಖಾತೆಗೆ ಬೀಳುವ ಹಾಗೆ ನಿಯಮ ಮಾಡಲಿ.

– ಒಬ್ಬ ಹೈನುಗಾರ, ಅಂಕೋಲಾ ತಾಲೂಕು