ಅಳಿಯ ಸಪ್ಪೆಯಾಗಿದ್ದರೇ ಚಿತ್ರಕ್ಕೆ ರುಚಿ

ಮಾನ್ಯ ಸಂಪಾದಕರೇ,

ಮಗಳ ಮದುವೆಯಲ್ಲಿ ಹೈರಾಣಾಗುವ ಅಪ್ಪನ ಮೇಲೆ ಹಾಸ್ಯಚಿತ್ರ ಬಂದಾಗಲೆಲ್ಲ ವಿಮರ್ಶೆಗಳಲ್ಲಿ ಒಂದೇ ದೂರು: ಸಂಘರ್ಷವಿಲ್ಲ, ಖಳನಿಲ್ಲ, ಅಳಿಯನ ಪಾತ್ರ ಸಪ್ಪೆ. ಈ ಬಗೆಯ ಚಿತ್ರದಲ್ಲಿ ಅಳಿಯ ಸಪ್ಪೆಯಾಗಿಯೇ ಇರಬೇಕು. ಅವನು ಕುಡುಕನೋ ಮೋಸಗಾರನೋ ಆಗಿಬಿಟ್ಟರೆ ಅಪ್ಪನ ಆತಂಕಕ್ಕೆ ಕಾರಣ ಸಿಕ್ಕಿಬಿಡುತ್ತದೆ, ಆಮೇಲೆ ಅವನನ್ನು ನೋಡಿ ನಗಲು ಯಾರಿಗೂ ಮನಸ್ಸು ಬರುವುದಿಲ್ಲ. ಹುಡುಗ ಒಳ್ಳೆಯವನು, ಬೀಗರು ಸಭ್ಯರು, ಮಗಳು ಖುಷಿಯಾಗಿದ್ದಾಳೆ. ಆದರೂ ಅಪ್ಪನೊಬ್ಬನಿಗೆ ಹೊಟ್ಟೆಯೊಳಗೆ ಸಂಕಟ. ನಗು ಹುಟ್ಟುವುದು ಇಲ್ಲಿ.

ಈ ಪ್ರಕಾರಕ್ಕೆ ಅಚ್ಚು ಹಾಕಿಕೊಟ್ಟದ್ದು ವಿನ್ಸೆಂಟೆ ಮಿನೆಲಿ ನಿರ್ದೇಶನದ, 1950ರ ‘ಫಾದರ್ ಆಫ್ ದಿ ಬ್ರೈಡ್’. ಅಪ್ಪನಾಗಿ ಸ್ಪೆನ್ಸರ್ ಟ್ರೇಸಿ, ಮಗಳಾಗಿ ಎಲಿಜಬೆತ್ ಟೇಲರ್. ಚಿತ್ರ ಶುರುವಾಗುವುದೇ ಆರತಕ್ಷತೆ ಮುಗಿದ ಮೇಲೆ. ಕ್ಯಾಮೆರಾ ಚೆಲ್ಲಾಪಿಲ್ಲಿಯಾದ ಮನೆಯನ್ನೆಲ್ಲ ಸವರಿಕೊಂಡು ಬಂದು ಕುರ್ಚಿಯಲ್ಲಿ ಕುಸಿದು ಕೂತ ಅಪ್ಪನ ಹತ್ತಿರ ನಿಲ್ಲುತ್ತದೆ, ಅವನು ನೇರ ನಮ್ಮ ಕಡೆ ತಿರುಗಿ ಮಾತಿಗಿಳಿಯುತ್ತಾನೆ. ಮದುವೆ ಸಾಂಗವಾಗಿ ಆಗಿಹೋಗಿದೆ ಎಂಬುದು ಮೊದಲ ನಿಮಿಷದಲ್ಲೇ ಗೊತ್ತಾದ್ದರಿಂದ ‘ನಡೆಯುತ್ತದೋ ಇಲ್ಲವೋ’ ಎಂಬ ಕುತೂಹಲಕ್ಕೆ ಜಾಗವೇ ಇಲ್ಲ. ಉಳಿಯುವುದು ಈ ಮನುಷ್ಯ ಹೇಗೆ ಬಚಾವಾದ ಎಂಬ ಪ್ರಶ್ನೆ ಮಾತ್ರ. ಅಲ್ಲಿಂದ ಮುಂದೆ ಎಲ್ಲವನ್ನೂ ಅವನ ಪಕ್ಕದಲ್ಲೇ ನಿಂತು ನೋಡುತ್ತೇವೆ. ನಿಶ್ಚಿತಾರ್ಥದ ಪಾರ್ಟಿಯಲ್ಲಿ ಅವನು ಅಡುಗೆಮನೆಯಲ್ಲಿ ಪಾನೀಯ ಬೆರೆಸುತ್ತಲೇ ಉಳಿದುಬಿಡುತ್ತಾನೆ, ಸಿದ್ಧಮಾಡಿಕೊಂಡ ಭಾಷಣ ಜೇಬಿನಲ್ಲೇ ಉಳಿಯುತ್ತದೆ. ಹೊರಗೆ ಏನಾಯಿತೆಂದು ಅವನಿಗೂ ಕಾಣದು, ನಮಗೂ ಕಾಣದು. ಕ್ಯಾಮೆರಾ ಒಮ್ಮೆ ಹೊರಗೆ ಹೋಗಿ ಪ್ರೇಮಿಗಳ ಮುಖ ತೋರಿಸಿದ್ದರೂ ದೃಶ್ಯ ಸತ್ತೇಹೋಗುತ್ತಿತ್ತು. ಇಂಥ ಚಿತ್ರಗಳ ನಡುವೆ ವಧೂವರರಿಗೊಂದು ಹಾಡು ತುರುಕಿದರೆ ಓಟ ಮುಗ್ಗರಿಸುವುದೂ ಇದೇ ಕಾರಣಕ್ಕೆ.

ಎರಡನೆಯ ಸಂಗತಿ ಲೆಕ್ಕ. ಸ್ಟೀವ್ ಮಾರ್ಟಿನ್ ನಟಿಸಿದ 1991ರ ಮರುನಿರ್ಮಾಣದಲ್ಲಿ ಊಟದ ಖರ್ಚು ತಲೆಗೆ 250 ಡಾಲರ್. ಈ ಅಂಕಿ ಪ್ರೇಕ್ಷಕರ ಕಿವಿಗೆ ಮೊದಲೇ ಬಿದ್ದಿರಬೇಕು. ಬಿದ್ದ ಮೇಲೆ ಅತಿಥಿಗಳ ಪಟ್ಟಿಯಲ್ಲಿ ಒಂದೊಂದು ಹೆಸರು ಸೇರಿದಾಗಲೂ ಅಪ್ಪನ ಎದೆಯಲ್ಲಿ 250 ಬಡಿಯುತ್ತದೆ. ನೂರು ಜನ ಹೆಚ್ಚಾದರೆ 25,000. ‘ತುಂಬಾ ಖರ್ಚಾಯಿತು’ ಎಂದು ಬಾಯಲ್ಲಿ ಹೇಳಿಸಿದರೆ ಈ ಕೆಲಸ ಆಗುವುದಿಲ್ಲ. ಹಾಸ್ಯ ಲೇಖಕರು ಎಡವುವುದು ಹೆಚ್ಚಾಗಿ ಇಲ್ಲೇ: ಮೊತ್ತವನ್ನು ಒಟ್ಟಾಗಿ ಹೇಳಿ ನಗು ಬರಲೆಂದು ಕಾಯುತ್ತಾರೆ. ಬಿಡಿ ದರ ಹೇಳಿ, ಗುಣಾಕಾರವನ್ನು ನೋಡುವವರಿಗೇ ಬಿಡಬೇಕು.

ಅದೇ ಚಿತ್ರದ ಅಂಗಡಿ ದೃಶ್ಯವನ್ನು ಚಿತ್ರಕಥೆ ಬರೆಯುವವರು ಬಿಡಿಸಿ ನೋಡಬೇಕು. ಬನ್ನಿಗೊಂದರಂತೆ ಒಳಗಿಟ್ಟು ತಿನ್ನುವ ಹಾಟ್ ಡಾಗ್ ಸಾಸೇಜು ಪೊಟ್ಟಣದಲ್ಲಿ 8, ಬನ್ನಿನ ಪೊಟ್ಟಣದಲ್ಲಿ 12. ಬೇಡದ 4 ಬನ್ನಿಗೆ ತಾನೇಕೆ ದುಡ್ಡು ಕೊಡಬೇಕೆಂದು ಅಪ್ಪ ಅಲ್ಲೇ ಪೊಟ್ಟಣ ಹರಿದು ಹೆಚ್ಚುವರಿ ಬನ್ನು ಕೀಳುತ್ತಾನೆ, ಕೊನೆಗೆ ಜೈಲು ಸೇರುತ್ತಾನೆ. ಮದುವೆಯ ಮಾತು ಎತ್ತದೆಯೇ ಮದುವೆಯ ಸಿಟ್ಟೆಲ್ಲ ಹೊರಬಿತ್ತು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತೇವಲ್ಲ, ಅದೇ. ಅವನ ತರ್ಕದಲ್ಲಿ ಹುಳುಕಿಲ್ಲ ಎಂಬುದನ್ನೂ ಗಮನಿಸಬೇಕು. ಸಿಟ್ಟಿನ ಅಳತೆ ಮಾತ್ರ ತಪ್ಪಿದೆ. ತರ್ಕವೂ ತಪ್ಪಿದ್ದರೆ ಬರೀ ಹುಚ್ಚಾಟವಾಗುತ್ತಿತ್ತು.

ಆ್ಯಂಡಿ ಗಾರ್ಸಿಯಾ ಮತ್ತು ಗ್ಲೋರಿಯಾ ಎಸ್ಟಫನ್ ಅವರ 2022ರ ಆವೃತ್ತಿ ಕತೆಯನ್ನು ಮಯಾಮಿಯ ಕ್ಯೂಬನ್ ಮೂಲದ ಕುಟುಂಬಕ್ಕೆ ಒಯ್ದಿತು. ಆ ಬದಲಾವಣೆ ಚೆನ್ನಾಗಿದೆ. ಆದರೆ ಅಪ್ಪ-ಅಮ್ಮನೇ ವಿಚ್ಛೇದನಕ್ಕೆ ಹೊರಟು ಅದನ್ನು ಮಕ್ಕಳಿಂದ ಮುಚ್ಚಿಡುತ್ತಾರೆ. ಮುಚ್ಚಿಡಲು ನಿಜವಾದ ತಾಪತ್ರಯ ಇರುವ ಅಪ್ಪನಿಗೆ ನಾಲ್ಕು ಬನ್ನಿನ ಮೇಲೆ ರೇಗುವ ಪುರಸೊತ್ತೆಲ್ಲಿ? ಚಿತ್ರ ಗಂಭೀರವಾಯಿತು, ನಗು ತೆಳುವಾಯಿತು.

ಡಬ್ಬಿಂಗ್ ಮಾಡುವವರಿಗೂ ಒಂದು ಮಾತು. ಇಂಥ ಚಿತ್ರಗಳಲ್ಲಿ ಅಪ್ಪನ ಹಿನ್ನೆಲೆ ಧ್ವನಿ ತಣ್ಣಗಿರಬೇಕು, ಪೇಚಾಟವೆಲ್ಲ ಪರದೆಯ ಮೇಲಿರಬೇಕು. ಕಂಠದಾನ ಕಲಾವಿದರು ಧ್ವನಿಯಲ್ಲೇ ನಗಿಸಲು ಹೊರಟರೆ ಒಂದೇ ಜೋಕನ್ನು ಎರಡು ಸಲ ಹೇಳಿದಂತಾಗುತ್ತದೆ.

ಕೊನೆಯ ದೃಶ್ಯದ ವಿಚಾರದಲ್ಲಿ 1950ರ ಚಿತ್ರವೂ 1991ರ ಚಿತ್ರವೂ ಒಂದೇ ದಾರಿ ಹಿಡಿದಿವೆ. ಇಷ್ಟೆಲ್ಲ ಖರ್ಚು ಮಾಡಿದ ಅಪ್ಪ ಜನಜಂಗುಳಿಯಲ್ಲಿ ಸಿಕ್ಕಿಕೊಂಡು ಮಗಳನ್ನು ಬೀಳ್ಕೊಡಲಾಗದೆ ಉಳಿಯುತ್ತಾನೆ. ಆಮೇಲೆ ಮನೆಗೆ ಅವಳ ಫೋನ್ ಬರುತ್ತದೆ, ನಾಲ್ಕು ಮಾತು, ಅಷ್ಟೇ. ಆ ಜಾಗದಲ್ಲಿ ಐದು ನಿಮಿಷದ ಅಪ್ಪುಗೆ, ಕಣ್ಣೀರು, ಪಿಟೀಲು ಇಟ್ಟ ಚಿತ್ರಗಳನ್ನು ನಮ್ಮ ವಿಮರ್ಶಕರು ‘ಹೃದಯಸ್ಪರ್ಶಿ’ ಎಂದು ಹೊಗಳಿ ಒಂದು ನಕ್ಷತ್ರ ಹೆಚ್ಚಿಗೆ ಕೊಡುತ್ತಾರೆ. ಆ ನಕ್ಷತ್ರವನ್ನು ದಯವಿಟ್ಟು ಫೋನಿಗೆ ಕೊಡಿ.

ಇಂತಿ,
ಒಬ್ಬ ಓದುಗ